ಕೈ ತೊಳೆದುಕೊಂಡು ಹೋಗುವ ಓಣಿ

ಜನವರಿ 6, ಸೋಮವಾರ

ಮೂರನೇ ಉದ್ಘಾಟನೆ ಮುಗಿಸಿ ರಾಣೆಬೆನ್ನೂರಿಗೆ ವಾಪಸ್ ಬಂದೆ. ಮೂಗು ಇನ್ನೂ ಉರಿಯುತ್ತಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಶುರು. ಬಸ್ಸಿನಿಂದ ಇಳಿಯುವ ಮೊದಲೇ ಸೀನು.

ಈ ಸಲದ ಮುಖ್ಯ ಅತಿಥಿ ಒಂದು ಎಮ್ಮೆ. ಕೊರಳಿಗೆ ಚೆಂಡುಹೂವಿನ ಮಾಲೆ, ಕೊಂಬಿಗೆ ರಿಬ್ಬನ್. ಬೀಗ ಹಾಕಿದ ಪಾಯಿಖಾನೆಯ ಮುಂದೆ ನಿಲ್ಲಿಸಿದೆವು. ಟೇಪು ಕತ್ತರಿಸಿದೆವು. ಚಪ್ಪಾಳೆ. ಬಾಗಿಲು ತೆರೆಯಲಿಲ್ಲ — ಬೀಗ ಇದೆಯಲ್ಲ. ಐಡಿಯಾ ನನ್ನದು. ಬೀಗ ತೆಗೆಯುವ ತನಕ ಪ್ರತಿ ಸೋಮವಾರ ಒಂದು ಉದ್ಘಾಟನೆ. ಧರಣಿ, ಘೋಷಣೆ ಯಾರೂ ನೋಡುವುದಿಲ್ಲ. ನಗಿಸಿದರೆ ನೋಡುತ್ತಾರೆ. ಟಿವಿಯಲ್ಲಿ ಕಲಿತದ್ದು ಇಷ್ಟೇ.

ಗೋದಾಮು ಓಣಿಯಲ್ಲಿ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆಂದು ಅಲ್ಲಿಯ ವರ್ತಕರೇ ಕಟ್ಟಿಸಿದ ಪಾಯಿಖಾನೆ ಅದು. ಕಟ್ಟಿಸಿ ಎರಡು ವರ್ಷ. ದುಡ್ಡು ಹಾಕಿದ ಅಂದಾನೆಪ್ಪ, ಜಾಗ ಕೊಟ್ಟ ಮೈಲಾರೆಪ್ಪ — ಉದ್ಘಾಟನೆಯ ಕಲ್ಲಿನಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಜಗಳ. ಕಲ್ಲು ಕೆತ್ತಲಿಲ್ಲ, ಬೀಗ ತೆಗೆಯಲಿಲ್ಲ. ಹೆಣ್ಣುಮಕ್ಕಳು ರೈಲು ಹಳಿ ದಾಟಿ ಜಾಲಿ ಮರೆಗೆ ಹೋಗುತ್ತಾರೆ. ಒಂದು ಹೆಸರಿಗಾಗಿ ಎರಡು ವರ್ಷ! ಎಷ್ಟು ಸಣ್ಣ ಮನಸ್ಸು ಈ ಜನದ್ದು.

ಎಮ್ಮೆಗೆ ಚೆನ್ನಾಗಿ ನಕ್ಕರು. ನಡುವೆ ಅದು ಸಗಣಿ ಹಾಕಿತು, ಅದಕ್ಕೂ ನಕ್ಕರು. ಆಮೇಲೆ ವಂದನಾರ್ಪಣೆಗೆಂದು ಯಾರೋ ಒಂದು ಹುಡುಗಿಯನ್ನು ಮುಂದೆ ತಳ್ಳಿದರು. ಸುಶ್ಮಿತಾ ಅಂತೆ. ದಲಾಲಿ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ. ತಾಯಿ ದುರಗವ್ವ ಅದೇ ಓಣಿಯಲ್ಲಿ ತೊಟ್ಟು ಬಿಡಿಸುತ್ತಾಳೆ. ಮೈಕು ಹಿಡಿಯಲು ಬರುವುದಿಲ್ಲ, ಬಾಯಿಗೆ ಅಂಟಿಸಿಕೊಂಡಳು. ಅಂದಳು:

"ಎಮ್ಮಿಗೆ ಥ್ಯಾಂಕ್ಸ್ ರೀ. ಇಷ್ಟು ದಿವಸದಾಗ ಈ ಪಾಯಿಖಾನಿ ಮುಂದ ಬಂದ ದೊಡ್ಡವರೊಳಗ ಕೆಲಸಾ ಮುಗಿಸಿಕೊಂಡು ಹೋಗಿದ್ದು ಇದೊಂದ."

ಓಣಿಗೆ ಓಣಿಯೇ ಬಿದ್ದು ನಕ್ಕಿತು. ಮೆಣಸಿನಕಾಯಿ ರಾಶಿಯ ಮೇಲೆ ಒರಗಿ ನಕ್ಕರು, ಸೀನಿದರು, ಮತ್ತೆ ನಕ್ಕರು.

ಎಮ್ಮೆ ತಂದವನು ನಾನು. ಬಾಡಿಗೆ ಕೊಟ್ಟವನು ನಾನು.

ಜನವರಿ 7

ನಿದ್ದೆ ಸರಿಯಾಗಿ ಬರಲಿಲ್ಲ. ಸಗಣಿ ಬಿದ್ದದ್ದು ನನ್ನ ಕಣ್ಣೆದುರಿಗೇ. ಆ ಮಾತು ನನಗೇಕೆ ಹೊಳೆಯಲಿಲ್ಲ?

ಹನ್ನೊಂದು ವರ್ಷ ಟಿವಿಗೆ 'ಹಿಟ್ಟಿನ ಗಿರಣಿ' ಎಂಬ ಕಾಮಿಡಿ ಧಾರಾವಾಹಿ ನಿರ್ಮಾಣ ಮಾಡಿದವನು. ರಾತ್ರಿ ಎಂಟೂವರೆಗೆ ಕರ್ನಾಟಕ ನಗುತ್ತಿತ್ತು. ನಿಂತು ಐದು ವರ್ಷವಾಯಿತು. "ಟ್ರೆಂಡ್ ಬದಲಾಗಿದೆ ಸರ್" ಎಂದು ಹೇಳಿದವನು ಶಶಿಕಾಂತ. ನಾನೇ ಇಲ್ಲಿಂದ ಕರೆದುಕೊಂಡು ಹೋದ ಹುಡುಗ, ನನ್ನ ಸ್ಕ್ರಿಪ್ಟ್ ಫೈಲು ಹೊತ್ತವನು. ಈಗ ಚಾನೆಲ್ಲಿನ ಕಾಮಿಡಿ ಹೆಡ್ಡು. ಬೆಂಗಳೂರು ಕನ್ನಡ ಮಾತಾಡುತ್ತಾನೆ. ಹೊಸ ಐಡಿಯಾ ಕಳಿಸಿದರೆ ವಾಟ್ಸಾಪಿನಲ್ಲಿ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಾನೆ, ಅಷ್ಟೇ.

ಜನವರಿ 8, ಬೆಳಿಗ್ಗೆ

ಬರೆಯಬೇಕು. ಬರೆಯದಿದ್ದರೆ ಒಳಗೇ ಕುದಿಯುತ್ತದೆ.

ನನ್ನ ಬಳಿ ಒಂದು ಪರೀಕ್ಷೆ ಇತ್ತು. ಯಾವ ಸ್ಕ್ರಿಪ್ಟ್ ಬಂದರೂ ಮೊದಲು ಅಡುಗೆಮನೆಗೆ. ನಿರ್ಮಲಾ ರೊಟ್ಟಿ ಬಡಿಯುತ್ತಿರುತ್ತಾಳೆ, ಬೆನ್ನು ನನ್ನ ಕಡೆ. ನಾನು ಬಾಗಿಲಲ್ಲಿ ನಿಂತು ಓದುತ್ತೇನೆ. ಮುಖ ನೋಡಬಾರದು, ಮುಖ ಗಂಡನಿಗಾಗಿ ನಗುತ್ತದೆ. ಭುಜ ನೋಡಬೇಕು. ಭುಜ ಅಲುಗಿದರೆ ಶೂಟಿಂಗಿಗೆ ಹೋಗುತ್ತಿತ್ತು. ಅಲುಗದಿದ್ದರೆ ಹರಿದು ಹಾಕುತ್ತಿದ್ದೆ. ಚಾನೆಲ್ಲಿನವರ ರೇಟಿಂಗಿಗಿಂತ ಆ ಭುಜ ಖಚಿತ. 'ಗಿರಣಿ'ಯ ಕೊನೆಯ ಎರಡು ವರ್ಷ ಅದು ಅಲುಗಲೇ ಇಲ್ಲ. ಇದನ್ನು ಯಾರಿಗೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಫೋನು ಡಬ್ಬಿಗೆ ಒರಗಿಸಿ ಏನೋ ನೋಡುತ್ತಿದ್ದಳು. ತನ್ನ ಮೆಡಿಕಲ್ ಅಂಗಡಿ ತೆಗೆಯಲು ಹೊತ್ತಾಗಿದ್ದರೂ ನಿಂತೇ ಇದ್ದಳು. "ಎಮ್ಮಿಗೆ ಥ್ಯಾಂಕ್ಸ್ ರೀ" — ಅದೇ ಧ್ವನಿ. ಯಾರೋ ವಿಡಿಯೋ ಹಾಕಿದ್ದಾರೆ.

ಭುಜ ಅಲುಗಿತು. ಎರಡೂ.

"ಏನ್ ಹುಡುಗೀರಿ ಇದು!" ಅಂದಳು. "ನಿಮ್ಮ ಕಾರ್ಯಕ್ರಮದಾಗ ಇಂಥಾಕಿ ಅದಾಳಂತ ಹೇಳ ಇಲ್ಲಲ್ಲ?"

ಚಹಾದಲ್ಲಿ ಸಕ್ಕರೆ ಕಡಿಮೆ ಅಂದು ಎದ್ದು ಬಂದೆ. ಸಕ್ಕರೆ ಸರಿಯಾಗೇ ಇತ್ತು.

ಜನವರಿ 13, ಸೋಮವಾರ

ನಾಲ್ಕನೇ ಉದ್ಘಾಟನೆ. ಮುಖ್ಯ ಅತಿಥಿ ಖಾಲಿ ಕುರ್ಚಿ. ನಾನು ಕುರ್ಚಿಗೆ ಶಾಲು ಹೊದಿಸಿದೆ, ಕೈ ಮುಗಿದೆ, ಪರಿಚಯ ಮಾಡಿಕೊಟ್ಟೆ. ಒಳ್ಳೆಯ ವಿಡಂಬನೆ. ಅಲ್ಲಲ್ಲಿ ನಕ್ಕರು, ಸಭ್ಯವಾಗಿ. ಆದರೆ ಎಲ್ಲರ ಕಣ್ಣು ಮೂಲೆಯಲ್ಲಿ ನಿಂತ ಹುಡುಗಿಯ ಮೇಲೆ. ನಾನು ಮಾತಾಡುತ್ತಿದ್ದಾಗಲೇ ಹಿಂದಿನಿಂದ ಯಾರೋ — "ಸರ, ಲಗೂ ಮುಗಸ್ರಿ, ಆಕಿ ಮಾತಾಡ್ಲಿ!"

ಮುಗಿಸಿದೆ. ಆಕೆ ಮಾತಾಡಿದಳು. ಏನು ಹೇಳಿದಳು ಎಂದು ಬರೆಯುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ತಾಯಿಯನ್ನು ಕರೆದುಕೊಂಡು ನನ್ನ ಹತ್ತಿರ ಬಂದಳು. ಕಾಲಿಗೆ ಬಿದ್ದಳು, ಬೇಡವೆಂದರೂ.

"ಸರ್, ಸಣ್ಣಾಕಿದ್ದಾಗ ಒಂದೂ ಬಿಡದ ನೋಡೇನ್ರಿ ಹಿಟ್ಟಿನ ಗಿರಣಿ. ನಮ್ಮ ಮನ್ಯಾಗ ಟಿವಿ ಇದ್ದಿದ್ದಿಲ್ಲ. ಬಾಜೂ ಮನಿ ಕಿಟಕ್ಯಾಗ ನಿಂತು ನೋಡ್ತಿದ್ವಿ, ನಾನೂ ಅವ್ವನೂ. ನಿಮ್ಮಿಂದನ ಕಲತೇನ್ರಿ ಎಲ್ಲಾ."

ದುರಗವ್ವ ನಕ್ಕಳು. ಕೈ ಕೆಂಪಗೆ, ಬೆರಳಿನ ಸಂದಿಯೆಲ್ಲ ಮೆಣಸಿನ ಪುಡಿ. "ಈಕಿಗೆ ಒಂದೀಟ ಕಲಸ್ರಿ ಯಪ್ಪಾ. ಹುಚ್ಚ ಹುಡುಗಿ, ಹಗಲೆಲ್ಲ ಬರಕೋತ ಕುಂದರತೈತಿ."

ತುಂಬ ಸಂತೋಷ ಅಂದೆ. ಬರೆದದ್ದನ್ನು ತಂದು ತೋರಿಸು ಅಂದೆ. ನಂಬರು ಕೊಟ್ಟೆ, ಅವಳದು ತೆಗೆದುಕೊಂಡೆ. ಮುಖದಲ್ಲಿ ನಗು ಹಾಗೇ ಇಟ್ಟುಕೊಂಡಿದ್ದೆ. ಬಸ್ಸು ಹತ್ತುವಷ್ಟರಲ್ಲಿ ಕೆನ್ನೆ ನೋಯುತ್ತಿತ್ತು.

ಜನವರಿ 15

ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅವಳ ವಿಡಿಯೋ ನೋಡಿದೆ. ಧ್ವನಿ ಸಣ್ಣದು ಮಾಡಿ. ತಪ್ಪು ಹುಡುಕಲು. ಉಸಿರು ತಪ್ಪು ಜಾಗದಲ್ಲಿ ತೆಗೆದುಕೊಳ್ಳುತ್ತಾಳೆ. ಕೈ ಎಲ್ಲಿಡಬೇಕು ಗೊತ್ತಿಲ್ಲ. ಕ್ಯಾಮೆರಾ ನೋಡುವುದಿಲ್ಲ.

ಮೂರನೇ ಸಲ ನೋಡುವಾಗ ನಗು ಬಂತು. ತಡೆಯಲು ಆಗಲಿಲ್ಲ.

"ಒಳಗ ಏನ್ ನಡಸೀರಿ?" — ನಿರ್ಮಲಾ ಬಾಗಿಲು ಬಡಿದಳು. ಕೆಮ್ಮು ಅಂದೆ.

ಜನವರಿ 27, ಸೋಮವಾರ, ಮಧ್ಯಾಹ್ನ

ಶಶಿಕಾಂತನ ಫೋನು! ತಾನಾಗಿಯೇ ಮಾಡಿದ. ಮೊದಲ ರಿಂಗಿಗೇ ಎತ್ತಿದೆ, ಸುಳ್ಳು ಯಾಕೆ. ಐದು ವರ್ಷ ಕಾದ ಫೋನು.

"ಹೇಗಿದ್ದೀರಾ ಸರ್? ಆ ಕಡೆಯಿಂದ ಒಂದು ಹುಡುಗಿ ವಿಡಿಯೋ ಬರ್ತಾ ಇದೆಯಲ್ಲ, ಎಮ್ಮೆ, ಕುರ್ಚಿ... ನಿಮ್ಮದೇ ಕಾರ್ಯಕ್ರಮ ಅಂತೆ? ಹೊಸ ಶೋ ಪ್ಲಾನ್ ಮಾಡ್ತಿದೀವಿ. ಉತ್ತರ ಕರ್ನಾಟಕದ ವಾಯ್ಸ್ ಬೇಕು. ಅವಳ ನಂಬರ್ ಇದೆಯಾ?"

ಅವಳ ನಂಬರ್.

"ವಿಚಾರಿಸಿ ಹೇಳ್ತೇನಿ" ಅಂದೆ. "ಊರಾಗ ಇರಂಗಿಲ್ಲ ಆಕಿ, ತಿರುಗಾಡ್ತಿರತಾಳ."

ನಂಬರು ನನ್ನ ಫೋನಿನಲ್ಲೇ ಇತ್ತು. ಬೆಳಿಗ್ಗೆಯಷ್ಟೇ ಅವಳ ಮೆಸೇಜು ಬಂದಿತ್ತು — ಸರ್, ಇವತ್ತು ಎಷ್ಟು ಗಂಟೆಗೆ ಬರ್ತೀರಿ, ಚಹಾ ಮಾಡಿಸಿಡ್ತೀನಿ.

ಸಂಜೆ

ಆರನೇ ಉದ್ಘಾಟನೆಗೆ ಹೋಗಲಿಲ್ಲ. ಜ್ವರ ಅಂದೆ. ನಾನಿಲ್ಲದೆ ನಡೆಯಿತಂತೆ. ಚೆನ್ನಾಗಿ ನಡೆಯಿತಂತೆ.

ಫೆಬ್ರವರಿ 3

ಗೆದ್ದೆವು! ಅಂದಾನೆಪ್ಪ ಫೋನು ಮಾಡಿದ. ಮೈಲಾರೆಪ್ಪನೂ ಅವನೂ ರಾಜಿಯಾದರಂತೆ. ಇಡೀ ಜಿಲ್ಲೆ ನಗುತ್ತಿದೆ, ಮಗಳ ಗಂಡನ ಮನೆಯವರೂ ಕೇಳಿದರಂತೆ, ಮಾನ ಹೋಯಿತು ಅಂದ. ಕಲ್ಲಿನಲ್ಲಿ ಯಾರ ಹೆಸರೂ ಇಲ್ಲ. ಬಾಗಿಲ ಹೊರಗೆ ಎರಡು ನಳ ಹಾಕಿಸುತ್ತಾನೆ. 17ಕ್ಕೆ ನಿಜವಾದ ಉದ್ಘಾಟನೆ.

"ಸರ, ಹಾವೇರಿಯಿಂದ ಒಂದು ಯಾಲಕ್ಕಿ ಹಾರ ತರಸ್ಬೇಕಂತ ಮಾಡೇನಿ. ಇಸಾಕಸಾಬರ ಕಡೆ ಹೇಳೇನಿ. ನೀವ ಒಂದೀಟ ಹೋಗಿ ತರ್ತೀರೇನು?"

ಯಾರಿಗೆ ಎಂದು ಕೇಳಲಿಲ್ಲ. ಹೋರಾಟದ ಮುಂದಾಳು ಯಾರು ಎಂದು ಬಿಡಿಸಿ ಹೇಳಬೇಕೇ? ಅದೂ ಅಲ್ಲದೆ, ಹಾರ ಒಂದೇ.

ಶೋಕೇಸಿನಲ್ಲಿ ಒಂದು ಹಳೆಯ ಹಾರ ಇದೆ, 'ಗಿರಣಿ' ಐನೂರು ಕಂತು ಮುಗಿಸಿದಾಗ ಹಾವೇರಿಯಲ್ಲಿ ಹಾಕಿದ್ದು. ಮೊದಮೊದಲು ಗಾಜು ಸರಿಸಿದರೆ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಇವತ್ತು ಮೂಸಿ ನೋಡಿದೆ. ಧೂಳಿನ ವಾಸನೆ.

ಫೆಬ್ರವರಿ 6, ಗುರುವಾರ

ಸುಶ್ಮಿತಾ ಮನೆಗೆ ಬಂದಿದ್ದಳು. ಉದ್ಘಾಟನೆಯ ದಿನ ಹೇಳಬೇಕೆಂದು ಹೊಸದು ಬರೆದಿದ್ದಾಳೆ. ನಾನು ಕುರ್ಚಿಯಲ್ಲಿ, ಅವಳು ನಿಂತು, ನಿರ್ಮಲಾ ಒಳಗೆ ಒಲೆಯ ಮುಂದೆ. ಬಾಗಿಲಿನಿಂದ ನಿರ್ಮಲಾಳ ಬೆನ್ನು ನನಗೆ ಕಾಣುತ್ತಿತ್ತು.

ಪೂರ್ತಿ ಬರೆದಿಡುತ್ತೇನೆ, ನೆನಪಿದೆ. ಮರೆತರೆ ಒಳ್ಳೆಯದಿತ್ತು.

"ಎಲ್ಲಾ ಊರಾಗ ಹೋಗಿ ಬಂದ ಮ್ಯಾಲೆ ಕೈ ತೊಳಕೋತಾರ್ರಿ. ನಮ್ಮ ಓಣ್ಯಾಗ ಮೊದಲ ಕೈ ತೊಳಕೊಂಡು ಆಮ್ಯಾಲೆ ಹೋಗಬೇಕು. ಮೆಣಸಿನಕಾಯಿ ಕೈ ನೋಡ್ರಿ! ಒಂದ ದಿವಸ ನಮ್ಮವ್ವ ಅವಸರದಾಗ ಮರತಳು. ಹಳಿ ದಾಟಿ ಹೋಗಿ ಬಂದಾಕಿ ಮತ್ತ ಕುಂದ್ರಲಿಲ್ಲ. ಸಂಜಿತನಕ ನಿಂತಕೊಂಡ ತೊಟ್ಟು ಬಿಡಿಸಿದ್ಲು. ಸಾಹುಕಾರ ಬಂದ. ನೋಡಿದ. ಭಾಳ ಖುಷಿ ಆತು ಅವಂಗ. 'ದುರಗವ್ವಗ ಎಷ್ಟು ಹುರುಪು ಐತಿ ನೋಡ್ರಿ! ಈಕಿನ್ನ ನೋಡಿ ಕಲೀರಿ' ಅಂದ. ಮರುದಿನದಿಂದ ಓಣಿಗೆಲ್ಲಾ ಹೊಸಾ ರೂಲು — ಎಲ್ಲಾರೂ ನಿಂತ ಕೆಲಸಾ ಮಾಡಬೇಕಂತ. ಎರಡು ವರ್ಷ ಈ ಬೀಗಾ ಯಾಕ ತೆಗೀಲಿಲ್ಲ ಅಂತ ಕೇಳ್ತೀರಲ್ಲ? ಬೀಗಾ ತೆಗದ್ರ ನಾವು ಕುಂದರತೇವಿ ಅಂತ ಅವರಿಗೆ ಹೆದರಿಕಿ."

ಭುಜ ಅಲುಗಲಿಲ್ಲ. ಇಡೀ ಬೆನ್ನು ಅಲುಗಿತು. ಲಟ್ಟಣಿಗೆ ಕೆಳಗೆ ಬಿತ್ತು. ನಿರ್ಮಲಾ ಸೆರಗು ಬಾಯಿಗಿಟ್ಟುಕೊಂಡು ಒಲೆಯ ಕಟ್ಟೆ ಹಿಡಿದು ನಿಂತಳು. ಹನ್ನೊಂದು ವರ್ಷದ 'ಗಿರಣಿ'ಯಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ.

"ಅವ್ವನ ಹೇಳ್ಯಾಳ್ರಿ ಸರ್, ಇದನ್ನ ಹೇಳು ಅಂತ. ಸಾಹುಕಾರಂದು ಬಿಡಬ್ಯಾಡ ಅಂದಾಳ. ಹೆಂಗೈತ್ರಿ?"

ಹೇಗಿದೆ? ನಾನು ಬದುಕಿಡೀ ಬರೆಸಲು ಹೆಣಗಿದ್ದು ಹೀಗಿದೆ. ಇಪ್ಪತ್ತಾರು ವರ್ಷದ ಹುಡುಗಿ, ಕಂಪ್ಯೂಟರಿನಲ್ಲಿ ಚೀಲ ಎಣಿಸುವವಳು!

ಕನ್ನಡಕ ತೆಗೆದು ಒರೆಸಿದೆ. ಮೊದಲು ಹೊಸ ಬರಹಗಾರರ ಮುಂದೆ ಹೀಗೇ ಮಾಡುತ್ತಿದ್ದೆ, ಹೆದರುತ್ತಿದ್ದರು.

"ಇದು ಬ್ಯಾಡ ತಂಗಿ" ಅಂದೆ. "ಹೊಲಸಾತು. ಮಂದಿ ಹೆಂಡ್ರು ಮಕ್ಕಳ ಸಮೇತ ಬಂದಿರತಾರ. ತಾಯಿ ಬಗ್ಗೆ ಹಿಂಗ ಮಾತಾಡ್ತಾರೇನು? ಟಿವಿಯವರು ಇಂಥಾದ್ದು ಮುಟ್ಟಂಗಿಲ್ಲ."

ಮುಖ ಬಾಡಿತು. "ಹೌದೇನ್ರಿ... ನನಗ ಗೊತ್ತಾಗ್ಲಿಲ್ರಿ ಸರ್." ಅಲ್ಲೇ, ನನ್ನ ಮುಂದೆಯೇ, ಹಾಳೆಯ ಮೇಲೆ ಅಡ್ಡ ಗೆರೆ ಎಳೆದಳು. ನೀಟಾಗಿ, ಸ್ಕೇಲು ಇಟ್ಟ ಹಾಗೆ.

ಅವಳು ಹೋದ ಮೇಲೆ ನಿರ್ಮಲಾ ಬಾಗಿಲಿಗೆ ಬಂದು ನಿಂತಳು. ಲಟ್ಟಣಿಗೆ ಕೈಯಲ್ಲಿತ್ತು. ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ಫೆಬ್ರವರಿ 15, ಹಾವೇರಿಯಿಂದ ಬಂದು

ಹಾರ ತಂದೆ. ಇಸಾಕಸಾಬರು ಪೇಪರಿನಿಂದ ಬಿಚ್ಚಿ ತೋರಿಸಿದರು. ಎರಡೆಳೆ, ಜರಿ, ಕೆಳಗೆ ಕುಚ್ಚು. ಅಂಗಡಿ ತುಂಬ ಪರಿಮಳ.

"ಯಾರಿಗ್ರಿ ಸರ?"

"ಒಬ್ಬ ದೊಡ್ಡ ಮನುಷ್ಯಾಗ."

"ಹಂಗಂದ್ರ ಮೂರೆಳಿ ಮಾಡಬೇಕಾಗಿತ್ತಲ್ರಿ. ಎರಡೆಳಿ ಸಣ್ಣದಾತು."

ನನಗೂ ಹಾಗೇ ಅನಿಸಿತು. ಇನ್ನೊಂದೆಳೆ ಸೇರಿಸಿ ಅಂದೆ, ಹೆಚ್ಚಿನ ರೊಕ್ಕ ನನ್ನ ಕಿಸೆಯಿಂದ. ಒಂದು ತಾಸು ಕೂತೆ. ಅಳತೆ ನೋಡಲೆಂದು ನನ್ನ ಕೊರಳಿಗೇ ಹಾಕಿದರು. ಕನ್ನಡಿ ಇತ್ತು.

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದವನು ಕೇಳಿದ, ಮದುವೆಗೇನ್ರಿ ಅಂತ.

ಫೆಬ್ರವರಿ 17, ಸೋಮವಾರ

ಆಯಿತು. ನಾಳೆ ಬರೆಯುತ್ತೇನೆ.

ಫೆಬ್ರವರಿ 18

ಸರಿ. ಇದ್ದದ್ದು ಇದ್ದ ಹಾಗೆ.

ಓಣಿ ತುಂಬಿತ್ತು. ಶಾಮಿಯಾನ, ಮೈಕು. ಹೆಣ್ಣುಮಕ್ಕಳೆಲ್ಲ ಮುಂದೆ ಚಾಪೆಯ ಮೇಲೆ, ಮೊದಲ ಸಾಲಿನಲ್ಲಿ ದುರಗವ್ವ ಹೊಸ ಇಳಕಲ್ ಸೀರೆ ಉಟ್ಟು. ಹಿಂದೆ ಹಮಾಲರು, ಡ್ರೈವರುಗಳು, ಅಂಗಡಿ ಹುಡುಗರು. ನಿರ್ಮಲಾ ಅಂಗಡಿ ಮುಚ್ಚಿ ಬಂದಿದ್ದಳು, ಹೆಣ್ಣುಮಕ್ಕಳ ನಡುವೆ ಕೂತಿದ್ದಳು. ವೇದಿಕೆಯ ಮೇಲೆ ನನ್ನ ಪಕ್ಕ ಅಂದಾನೆಪ್ಪ, ತೊಡೆಯ ಮೇಲೆ ಹಾರದ ಪೊಟ್ಟಣ.

ಮೊದಲು ಸುಶ್ಮಿತಾ ಮಾತಾಡಿದಳು. ನಾನು ತಿದ್ದಿಕೊಟ್ಟದ್ದನ್ನೇ. ಶುಚಿತ್ವದ ಮಹತ್ವ, ಎಲ್ಲರಿಗೂ ಧನ್ಯವಾದ. ಯಾರೂ ನಗಲಿಲ್ಲ. ಅವಳೇ ಬೆವರಿದಳು. ನನಗೆ ಒಳಗೊಳಗೇ ಹಾಯೆನಿಸಿತು — ಬರೆದೇ ಬಿಡುತ್ತೇನೆ — ಹಾಯೆನಿಸಿತು.

ಆಗ ಚಾಪೆಯಿಂದ ಒಬ್ಬಳು ಕೂಗಿದಳು: "ಯವ್ವಾ, ಆ ಕೈ ತೊಳಿಯೂದು ಹೇಳವಾ!" ಓಣಿಗೆಲ್ಲ ಮೊದಲೇ ಗೊತ್ತು! ತೊಟ್ಟು ಬಿಡಿಸುತ್ತ ಬಿಡಿಸುತ್ತ ಹೇಳಿಸಿಕೊಂಡಿದ್ದಾರೆ. ಇನ್ನೂ ನಾಲ್ಕು ಜನ — "ಹೌದು, ಅದನ್ನ ಹೇಳ!"

ಸುಶ್ಮಿತಾ ತಲೆ ತಗ್ಗಿಸಿದಳು. ಮೈಕು ಆನ್ ಇತ್ತು.

"ಸರ್ ಬ್ಯಾಡ ಅಂದಾರ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳು ತಂಗಿ ಅಂದಿದ್ದರೆ ಸಾಕಿತ್ತು. ಎರಡೇ ಪದ. ನಾನು ಎದ್ದೆ. ಮೈಕು ಅವಳ ಕೈಯಿಂದ ತೆಗೆದುಕೊಂಡೆ.

"ಹುಡುಗಿ ನಾಚ್ತಾಳ" ಅಂದೆ. "ನಾನ ಹೇಳ್ತೇನಿ."

ಹೇಳಿದೆ. ಉಸಿರು ಸರಿಯಾದ ಜಾಗದಲ್ಲಿ ತೆಗೆದುಕೊಂಡೆ. ದುರಗವ್ವ ಹಳಿಯಾಚೆಯಿಂದ ಬಂದಳು ಅಂದು, ಅವಳು ನಡೆದದ್ದು ಹೇಗೆ ಎಂದು ವೇದಿಕೆಯ ಮೇಲೆ ನಡೆದು ತೋರಿಸಿದೆ. ಕಾಲು ಅಗಲಿಸಿ, ಸೊಂಟ ಹಿಡಿದು, ಒಂದೊಂದೇ ಹೆಜ್ಜೆ. ಹಿಂದೆ ನಿಂತಿದ್ದ ಗಂಡಸರು ಹುಚ್ಚೆದ್ದು ನಕ್ಕರು. ಸಿಳ್ಳೆ. ಇನ್ನೊಮ್ಮೆ ಅಂದರು, ಇನ್ನೊಮ್ಮೆ ನಡೆದೆ. ಐದು ವರ್ಷದಿಂದ ಕೇಳದ ನಗು. ಎಲ್ಲ ಫೋನುಗಳೂ ಮೇಲೆದ್ದಿದ್ದವು.

ಸಾಹುಕಾರನ ಮಾತಿಗೆ ಬರಬೇಕು. ಪಕ್ಕದಲ್ಲಿ ಅಂದಾನೆಪ್ಪ ಕಣ್ಣೊರೆಸಿಕೊಂಡು ನಗುತ್ತಿದ್ದ, ತೊಡೆಯ ಮೇಲೆ ಹಾರ. ದುರಗವ್ವ ಕೆಲಸ ಮಾಡುವುದು ಅವನ ಗೋದಾಮಿನಲ್ಲೇ.

ಸಾಹುಕಾರನನ್ನು ಬಿಟ್ಟೆ. ಕೈ ಮುಗಿದು ಕೂತೆ.

ಹಾರ ಬಿತ್ತು ಕೊರಳಿಗೆ. ಮೂರೆಳೆ. ಭಾರ ಇತ್ತು. ಹಾರದ ಮೇಲಿಂದ ನೋಡಿದರೆ ಚಾಪೆಯ ಮೇಲಿನ ಹೆಣ್ಣುಮಕ್ಕಳಲ್ಲಿ ಯಾರೂ ನಗುತ್ತಿರಲಿಲ್ಲ. ದುರಗವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದಳು. ನಿರ್ಮಲಾ ನನ್ನನ್ನೇ ನೋಡುತ್ತಿದ್ದಳು, ಅಪರಿಚಿತ ಗಿರಾಕಿಯ ಔಷಧಿ ಚೀಟಿ ನೋಡುವ ಹಾಗೆ.

ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಜಾಗ ಇತ್ತು.

ಫೆಬ್ರವರಿ 20

ವಿಡಿಯೋ ಎಲ್ಲ ಕಡೆ. ಕುಮಾರಪಟ್ಟಣದಿಂದ ಹಳೆಯ ಗೆಳೆಯನ ಫೋನು, ಹೊಸರಿತ್ತಿಯಿಂದ ನನ್ನ ಮೇಷ್ಟರ ಮಗನ ಫೋನು.

ಶಶಿಕಾಂತ ಎರಡು ಸಲ ಮಾಡಿದ. "ಸರ್, ನೀವಿನ್ನೂ ಮುಗಿದಿಲ್ಲ! ಆ ನಡಿಗೆ! ನಮ್ಮ ಹುಡುಗರೆಲ್ಲ ಆಫೀಸಲ್ಲಿ ಹಾಗೇ ನಡೀತಿದಾರೆ. ಆ ಹುಡುಗಿ ಬೇಡ, ಬಿಡಿ, ಲಾಸ್ಟ್ ಸ್ಪೀಚ್ ನೋಡಿದೆ, ಡಲ್. ಶೋ ನೀವೇ ಮಾಡಿ, ನೀವೇ ಹೋಸ್ಟ್. ಮೆಣಸಿನಕಾಯಿ ಓಣಿ ಸೆಟ್ ಹಾಕೋಣ. ಭಾನುವಾರ ಸಂಜೆ ಒಂದು ಮಾತು ಹೇಳಿ ಸಾಕು, ಸೋಮವಾರ ಬಾಸ್ ಹತ್ರ ಇಡ್ತೀನಿ."

ನೀವೇ ಹೋಸ್ಟ್. ಈ ಮಾತು ಕೇಳಲು ಎಷ್ಟು ಕಾದಿದ್ದೆ. ಅಡುಗೆಮನೆಗೆ ಹೋಗಿ ನಿರ್ಮಲಾಗೆ ಹೇಳಿದೆ.

"ಚಲೋ ಆತು" ಅಂದಳು. ಕೊತ್ತಂಬರಿ ಸೋಸುತ್ತಿದ್ದಳು. ತಿರುಗಲಿಲ್ಲ.

ಫೆಬ್ರವರಿ 23, ಭಾನುವಾರ, ಸಂಜೆ

ಸುಶ್ಮಿತಾ ಬಂದಿದ್ದಳು. ಈಗಷ್ಟೇ ಹೋದಳು. ಒಂದು ಚೀಲ ಮೆಣಸಿನಕಾಯಿ ತಂದಿದ್ದಳು, ತೊಟ್ಟು ಬಿಡಿಸಿದ್ದು. "ಅವ್ವ ಕೊಟ್ಟಾಳ್ರಿ" ಅಂದಳು.

ಬೈಯಲು ಬಂದಿದ್ದಾಳೆ ಅಂದುಕೊಂಡೆ. ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಿದ್ದೆ. ಬೈಯಲಿಲ್ಲ.

"ನೀವು ಹೇಳಿದ್ದ ಖರೇ ಐತ್ರಿ ಸರ್. ಅದು ಹೊಲಸ ಇತ್ತು. ನಾ ಬರಿಬಾರದಾಗಿತ್ತು."

"ಯಾಕ, ಏನಾತು?"

"ಅವ್ವ ಓಣಿಗೆ ಹೋಗಾಕ ಒಲ್ಲೆ ಅಂತಾಳ್ರಿ. ಆಕಿ ಹಾದು ಹೋದ್ರ ಹುಡುಗ್ರು ಸೊಂಟಾ ಹಿಡಕೊಂಡು ನಡದು ತೋರಸ್ತಾರ. ಸಣ್ಣ ಹುಡುಗ್ರೂ ಕಲತಾವು. ಮಂಗಳವಾರದಿಂದ ಮನ್ಯಾಗ ಅದಾಳ." ಮೆಣಸಿನಕಾಯಿ ಚೀಲವನ್ನು ಗೋಡೆಗೆ ಒರಗಿಸಿದಳು. "ಪಾಯಿಖಾನಿ ಚಲೋ ಆಗೇತಂತ್ರಿ. ನಳಾ, ಕನ್ನಡಿ, ಎಲ್ಲಾ. ಅವ್ವ ಇನ್ನೂ ಒಳಗ ನೋಡಿಲ್ಲ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ನಿಮ್ಮದೇನೂ ತಪ್ಪಿಲ್ರಿ ಸರ್. ನೀವು ನನ್ನ ಮಾನಾ ಉಳಸಾಕ ಎದ್ದು ನಿಂತ್ರಿ. ಬರದಾಕಿ ನಾನು. ನನಗ ಯಾವುದಕ್ಕ ನಗತಾರ, ಯಾವುದಕ್ಕ ನೋಯ್ತಾರ ಅನ್ನೂದ ತಿಳಿಯಂಗಿಲ್ಲ. ಇನ್ನ ಬರಿಯೂದಿಲ್ರಿ. ಬರದಿದ್ದೆಲ್ಲಾ ನಿನ್ನೆ ಒಲಿಗೆ ಹಾಕೇನಿ. ಹೇಳಿ ಹೋಗೋಣಂತ ಬಂದೆ."

ನಿರ್ಮಲಾ ಚಹಾ ತಂದಳು. ಯಾಲಕ್ಕಿ ಚಹಾ. ಘಮ್ಮೆಂದಿತು. ಸುಶ್ಮಿತಾ ಕುಡಿದು, "ಚಲೋ ಆಗೇತ್ರಿ ಅಕ್ಕಾರ" ಅಂದಳು.

"ಮನ್ಯಾಗ ಯಾಲಕ್ಕಿ ಮುಗದಿತ್ತವಾ" ಅಂದಳು ನಿರ್ಮಲಾ. "ಇವರ ಹಾರದಾಗಿಂದ ಹರಕೊಂಡೆ. ಅದು ನಿಂದ ಅಲ್ಲೇನು?"

ಸುಶ್ಮಿತಾಗೆ ಅರ್ಥವಾಗಲಿಲ್ಲ. ನಕ್ಕಳು. ಕಾಲಿಗೆ ಬಿದ್ದು ಹೋದಳು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ, ಎಂದಿನ ಜಾಗದಲ್ಲಿ. ನಿರ್ಮಲಾಳ ಬೆನ್ನಿಗೆ ಹೇಳಿದೆ — ಅದು ಹೊಲಸಲ್ಲ. ನಾನು ಕೇಳಿದ್ದರಲ್ಲೇ ಬಹಳ ಒಳ್ಳೆಯದು. ನನಗೆ ಹೊಟ್ಟೆಕಿಚ್ಚಾಯಿತು, ಅದಕ್ಕೇ ಬೇಡ ಅಂದೆ. ಅವಳನ್ನು ಚಾನೆಲ್ಲಿನವರು ಕೇಳಿದ್ದರು, ಅದನ್ನೂ ಮುಚ್ಚಿಟ್ಟೆ.

ಭುಜ ಅಲುಗಿತು. ನಗುವಿಗಲ್ಲ.

ತಿರುಗದೆಯೇ ಅಂದಳು: "ನನಗ್ಯಾಕ ಹೇಳ್ತೀರಿ? ಆಕಿ ಇನ್ನೂ ಬಸ್ ಸ್ಟ್ಯಾಂಡ್ ಮುಟ್ಟಿರಂಗಿಲ್ಲ."

ಹೌದು. ಹೋಗಬೇಕು. ಬ್ಯಾಡಗಿ ಬಸ್ಸು ಆರಕ್ಕೆ. ಲಗುಬಗೆಯಿಂದ ನಡೆದರೆ ಸಿಗುತ್ತಾಳೆ. ಅಂಗಿ ಹಾಕಿಕೊಂಡೆ, ಚಪ್ಪಲಿಯೂ ಹಾಕಿಕೊಂಡಿದ್ದೇನೆ. ಏನು ಹೇಳಬೇಕು ಎಂದು ಒಮ್ಮೆ ಬರೆದುಕೊಂಡು ಹೋಗೋಣ ಎಂದು ಕೂತೆ. ಸ್ಕ್ರಿಪ್ಟ್ ಇಲ್ಲದೆ ಮಾತಾಡಿ ಅಭ್ಯಾಸವಿಲ್ಲ. ಮೊದಲು ಜೋಕಿನ ವಿಷಯ. ಆಮೇಲೆ ದುರಗವ್ವನ ಹತ್ತಿರ ಹೋಗಬೇಕು, ಆ ಓಣಿಯಲ್ಲೇ ನಿಂತು, ಎಲ್ಲರ ಮುಂದೆ, ಸಾಹುಕಾರನ ಮಾತು ಸೇರಿಸಿ. ಅಂದಾನೆಪ್ಪ ಇದ್ದರೂ ಸರಿ.

ಫೋನು. ಶಶಿಕಾಂತ. ಭಾನುವಾರ ಸಂಜೆ ಅಂದಿದ್ದನಲ್ಲ. ಇವನಿಗೆ ಇಲ್ಲ ಅಂದುಬಿಟ್ಟು ಹೊರಡುತ್ತೇನೆ. ಇಲ್ಲ ಅನ್ನಬೇಕೆಂದಿಲ್ಲ, ಎರಡು ದಿನ ತಡಿ ಅಂದರೂ

ನಿರ್ಮಲಾ ಒಳಗಿನಿಂದ — "ಇನ್ನೂ ಬರ್ಯಾಕತ್ತೀರೇನ್ರಿ?"

ಇಲ್ಲ, ಎದ್ದೆ. ಇದೊಂದು ಸಾಲು